ನಿಪ್ಪಟ್ಟಿನ ಕೆಳಗಿನ ಮಣ್ಣು

ನಾನು ಮಣ್ಣು ತಿನ್ನುತ್ತಿದ್ದೆ. ಮುಖ ಸಿಂಡರಿಸಬೇಡಿ. ಕರುವಾಡು, ಅಂದರೆ ಒಣಮೀನು, ಸುಟ್ಟರೆ ಮೂಗು ಮುಚ್ಚಿಕೊಂಡು ಓಡುವವರನ್ನು ನೋಡಿದ್ದೇನೆ. ಮಳೆ ಬಿದ್ದಾಗ ಹುತ್ತದಿಂದ ಏಳುವ ಈಸಲು ಹುಳವನ್ನು ಪುರಿಯ ಜೊತೆ ಹುರಿದು ಕೊಟ್ಟರೆ "ಶಿವಶಿವಾ" ಎನ್ನುವವರನ್ನೂ ನೋಡಿದ್ದೇನೆ. ಕುರಿಯ ರಕ್ತದ ಪಲ್ಯವೆಂದರೆ ನಮ್ಮ ಗಣಿ ಕೆಲಸಗಾರರ ಲೈನ್ ಮನೆಗಳಲ್ಲಿ ಭಾನುವಾರದ ಸಂಭ್ರಮ, ಹೊರಗಿನವರಿಗೆ ಹೆಸರು ಕೇಳಿದರೇ ವಾಂತಿ. ಆದರೆ ಇದನ್ನೆಲ್ಲ ಚಪ್ಪರಿಸಿ ತಿನ್ನುವವರೂ ಮಣ್ಣು ಎಂದಾಗ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಸರಿಯಲಿ ಬಿಡಿ. ರುಚಿ ನೋಡದವರ ಹತ್ತಿರ ವಾದ ಮಾಡಿ ನನಗೇನಾಗಬೇಕು?

ಮಣ್ಣಿನಲ್ಲೂ ಬಗೆಗಳಿವೆ. ಒಲೆಯ ಮಗ್ಗುಲಿನ ಮಣ್ಣಿಗೆ ಹೊಗೆಯ ವಾಸನೆ. ಹೊಸ ಮಡಕೆಯ ಚೂರು ಕಡಿದರೆ ಕುರುಕುರು ಎನ್ನುತ್ತದೆ. ಹುತ್ತದ ಮಣ್ಣು ಬಾಯಲ್ಲಿ ಕಡಲೆಹಿಟ್ಟಿನಂತೆ ಕರಗುತ್ತದೆ. ಸ್ಲೇಟಿನ ಬಳಪ ಮಕ್ಕಳಾಟ, ಅದನ್ನು ನಾನು ಲೆಕ್ಕಕ್ಕೇ ಇಡುವುದಿಲ್ಲ. ನಮ್ಮ ಕಡೆ ಬಸುರಿಯರು ಇವನ್ನೆಲ್ಲ ಕದ್ದುಮುಚ್ಚಿ ತಿನ್ನುತ್ತಾರೆ, ಮನೆಯವರು ಕಂಡರೂ ಕಾಣದವರಂತೆ ಇರುತ್ತಾರೆ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ಎಲ್ಲರಿಗೂ ಒಳಗೊಳಗೇ ಭಯ.

ನಾನು ಹುಟ್ಟಿ ಬೆಳೆದದ್ದು ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯ ಲೈನ್ ಮನೆಯಲ್ಲಿ. ಅಪ್ಪ ಭೂಮಿಯೊಳಗೆ ಇಳಿದು ಕೆಲಸ ಮಾಡುತ್ತಿದ್ದವನು, ಗಣಿ ನಿಂತ ಕೆಲವು ವರ್ಷಕ್ಕೆ ತೀರಿಕೊಂಡ. ನಮ್ಮ ಮನೆಯ ಹಿಂದೆ ಸ್ವಲ್ಪ ದೂರ ನಡೆದರೆ ಬಿಳಿ ದಿಬ್ಬ. ಚಿನ್ನ ತೆಗೆದುಕೊಂಡು ಎಸೆದ ಕಲ್ಲಿನ ಪುಡಿ ಅದು, ಊರವರ ಬಾಯಲ್ಲಿ ಸೈನೈಡ್ ದಿಬ್ಬ. ಹತ್ತಿರ ಹೋದರೆ ಅಮ್ಮ ಬೆನ್ನಿಗೆ ಗುದ್ದುತ್ತಿದ್ದಳು. ಅಮ್ಮನಿಗೆ ಮಕ್ಕಳೆಂದರೆ ನಾನೊಬ್ಬಳೇ. ನನಗಿಂತ ಮುಂಚೆ ಒಂದು ಗಂಡು ಹುಟ್ಟಿ ಒಂಬತ್ತನೆಯ ದಿನಕ್ಕೆ ಹೋಗಿತ್ತು ಎಂಬುದಷ್ಟೇ ನನಗೆ ಗೊತ್ತಿತ್ತು, ಅದೂ ಪಕ್ಕದ ಮನೆಯ ಅತ್ತೆಯಿಂದ. ಅಮ್ಮ ಅದರ ಮಾತೆತ್ತಿದವಳಲ್ಲ.

ಒಂಟಿ ಮಗಳನ್ನು ಅವಳು ಚೆನ್ನಾಗಿಯೇ ನೋಡಿಕೊಂಡಳು. ದಿನಾ ಬೆಳಿಗ್ಗೆ ತಾನೇ ತಲೆ ಬಾಚಿ, ಎರಡು ಜಡೆ ಹೆಣೆದು, ಕಿವಿಯ ಮೇಲೆ ಕೂದಲು ಇಳಿಬಿಟ್ಟು, ರಿಬ್ಬನ್ ಕಟ್ಟಿ ಆಂಡರ್ಸನ್‌ಪೇಟೆಯ ಸ್ಕೂಲಿಗೆ ಕಳಿಸುತ್ತಿದ್ದಳು. ಸೆಕೆಗೆ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡರೆ ರೇಗುತ್ತಿದ್ದಳು. ಬೇರೆ ಯಾರಿಗೂ ನನ್ನ ತಲೆ ಮುಟ್ಟಲು ಬಿಡುತ್ತಿರಲಿಲ್ಲ. ಒಂದೇ ಮಗಳಲ್ಲವಾ, ಅತಿ ಮುದ್ದು ಎಂದುಕೊಂಡಿದ್ದೆ ನಾನು, ದಡ್ಡಿ.

ನನ್ನನ್ನು ಕೊಟ್ಟದ್ದು ಬೂದಿಕೋಟೆ ಕಡೆಯ ಒಂದು ಹಳ್ಳಿಗೆ. ಮೂರು ಹಸು, ಸ್ವಲ್ಪ ಹೊಲ. ಗಂಡ ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಗೋಡೌನಿನ ಕೆಲಸಕ್ಕೆ ಹೋಗುತ್ತಿದ್ದ. ಅತ್ತೆ ಡೈರಿಗೆ ಹಾಲು ಹಾಕುತ್ತಿದ್ದರು. ಗಟ್ಟಿ ಹೆಂಗಸು, ನೇರ ಮಾತು, ಮನಸ್ಸು ಬೆಣ್ಣೆ. ನನಗೆ ನಾಲ್ಕು ತಿಂಗಳಾದಾಗ ಮಣ್ಣಿನ ಬಯಕೆ ಶುರುವಾಯಿತು. ಅತ್ತೆ ಕಂಡುಹಿಡಿದರು, ಬೈಯಲಿಲ್ಲ. ಕೆರೆಯ ಅಂಗಳದಿಂದ ಜೇಡಿಮಣ್ಣು ತಂದು, ಬಿಲ್ಲೆ ತಟ್ಟಿ, ಒಲೆಯಲ್ಲಿ ಸುಟ್ಟು ಕೊಟ್ಟರು. "ತಿನ್ನು, ಒಂದೇ ಒಂದು. ನಾನೂ ತಿಂದೋಳೇ ಕಣಮ್ಮ," ಎಂದರು. ತಿಂದೆ. ಸಪ್ಪೆ. ನನ್ನ ನಾಲಿಗೆಗೆ ಬೇರೇನೋ ಬೇಕಿತ್ತು, ಏನೆಂದು ನನಗೂ ಗೊತ್ತಿರಲಿಲ್ಲ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವಳು "ಕಳಿಸ್ತೀನಿ ಇರು," ಎಂದಳು. ಆ ಮಂಗಳವಾರ ಬೂದಿಕೋಟೆ ಬಸ್ಸಿನ ಕಂಡಕ್ಟರ್ ನಮ್ಮೂರ ಸ್ಟಾಪಿನಲ್ಲಿ ಒಂದು ಸ್ಟೀಲ್ ಡಬ್ಬಿ ಕೊಟ್ಟುಹೋದ. ಮೇಲೆ ನಿಪ್ಪಟ್ಟು. ನಿಪ್ಪಟ್ಟಿನ ಕೆಳಗೆ ಪೇಪರ್, ಪೇಪರಿನ ಕೆಳಗೆ ಬೆರಳುದ್ದದ ಬಿಳಿ ಹೆಂಟೆಗಳು. ನಾಲಿಗೆಯ ಮೇಲೆ ಇಟ್ಟುಕೊಂಡೆ. ಅಯ್ಯಪ್ಪಾ! ಮೊದಲು ಹುಳಿ, ಆಮೇಲೆ ಉಪ್ಪು, ಕೊನೆಗೆ ಟಾರ್ಚಿನ ಸೆಲ್ಲಿಗೆ ನಾಲಿಗೆ ತಾಗಿಸಿದಂತೆ ಒಂದು ಸಣ್ಣ ಜುಮ್ಮು. ಕಣ್ಣಲ್ಲಿ ನೀರು ಬಂತು. ಇದೇ, ಇದೇ ನನಗೆ ಬೇಕಾಗಿದ್ದದ್ದು. ಅದು ಎಲ್ಲಿಯ ಮಣ್ಣೆಂದು ಬಾಯಿಗೆ ಗೊತ್ತಾಯಿತು. ಚಿಕ್ಕಂದಿನಲ್ಲಿ ಗಾಳಿ ಎದ್ದ ದಿನ ಅನ್ನದ ತಟ್ಟೆಯ ಮೇಲೆ ಕೂರುತ್ತಿದ್ದ ದಿಬ್ಬದ ಧೂಳಿನ ರುಚಿ ಅದು.

ಪ್ರತಿ ಮಂಗಳವಾರ ಡಬ್ಬಿ ಬಂತು. ಅತ್ತೆಗೆ ನಿಪ್ಪಟ್ಟು, ನನಗೆ ಕೆಳಗಿನದು. ಮಧ್ಯಾಹ್ನ ಅತ್ತೆ ಹಸುಗಳ ಹಿಂದೆ ಹೋದ ಮೇಲೆ, ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು ಚೂರುಚೂರೇ ಕರಗಿಸುತ್ತಿದ್ದೆ. ಒಂದು ವಿಚಿತ್ರ ಹೇಳುತ್ತೇನೆ. ನಮ್ಮ ಕೆಂದಹಸು ಏನು ಕಂಡರೂ ನೆಕ್ಕುವ ಜಾತಿ, ಗೋಡೆಯ ಸುಣ್ಣವನ್ನೂ ಬಿಟ್ಟದ್ದಲ್ಲ. ಒಂದು ದಿನ ಆ ಮಣ್ಣಿನ ಕೈಯನ್ನು ಅದರ ಮೂತಿಯ ಹತ್ತಿರ ಹಿಡಿದೆ. ಅದು ಮೂಸಿ, ಕಿವಿ ಹಿಂದಕ್ಕೆ ಮಡಚಿ, ಹಗ್ಗ ಬಿಗಿಯುವವರೆಗೂ ಹಿಂದೆ ಸರಿಯಿತು. ಕೈಯನ್ನೂ ನೋಡಲಿಲ್ಲ. ನನ್ನ ಹೊಟ್ಟೆಯನ್ನೇ ನೋಡುತ್ತಾ ನಿಂತಿತ್ತು.

ನನಗೆ ನಗು ಬಂತು. ಆದರೆ ಅವತ್ತಿನಿಂದ ಮಣ್ಣು ತಿನ್ನುವಾಗ ಒಬ್ಬಳೇ ಕೂತಿದ್ದೇನೆ ಎನ್ನಿಸುವುದು ನಿಂತುಹೋಯಿತು. ಯಾರೋ ಮಗ್ಗುಲಲ್ಲಿ ಕೂತು ಬಾಯಿ ನೋಡುತ್ತಿದ್ದಾರೆ, ಇನ್ನೊಂದು ಚೂರು ತೆಗೆದುಕೊಳ್ಳಲಿ ಎಂದು ಕಾಯುತ್ತಿದ್ದಾರೆ. ಹೊಟ್ಟೆಯೊಳಗಿನದು ಬೇರೆ ಹೊತ್ತಿನಲ್ಲಿ ತಣ್ಣಗಿದ್ದು, ಡಬ್ಬಿಯ ಮುಚ್ಚಳದ ಸದ್ದಾದ ತಕ್ಷಣ ಮಿಸುಕುತ್ತಿತ್ತು. ಮುಚ್ಚಳ ತೆಗೆದರೆ ಎಡಕ್ಕೆ ಒದೆತ. ಮುಚ್ಚಿದರೆ ಗಪ್‌ಚುಪ್.

ಆರನೆಯ ತಿಂಗಳು ಮುಗಿದಾಗ ತಪಾಸಣೆಗೆಂದು ಬಂಗಾರಪೇಟೆಯ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತದ ಚೀಟಿ ನೋಡಿ, "ಮಣ್ಣು ತಿಂತೀಯಾ?" ಎಂದರು. ತಲೆ ತಗ್ಗಿಸಿದೆ. "ಎಲ್ಲಿ ಮಣ್ಣು?" ಎಂದರು. ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಅದು ಮಣ್ಣಲ್ಲಮ್ಮ, ವಿಷ. ಮಗು ಬೇಕಾ ಬೇಡವಾ ನಿನಗೆ?" ಎಂದರು.

ಆಸ್ಪತ್ರೆಯಿಂದ ಊರಿಗೆ ವಾಪಸ್ ಹೋಗಲಿಲ್ಲ. ನೆಟ್ಟಗೆ ತವರಿನ ಬಸ್ಸು ಹತ್ತಿದೆ. ಇನ್ನು ಡಬ್ಬಿ ಕಳಿಸಬೇಡ ಎಂದು ಅಮ್ಮನ ಮುಖಕ್ಕೇ ಹೇಳಬೇಕಿತ್ತು. ವಿಷ ಎಂದು ನನ್ನ ಬೆನ್ನಿಗೆ ಗುದ್ದಿದವಳು ನನ್ನ ಹೊಟ್ಟೆಗೆ ಅದನ್ನೇ ಹೇಗೆ ಕಳಿಸಿದಳು ಎಂದು ಕೇಳಬೇಕಿತ್ತು. ಮನೆಗೆ ಬೀಗ. ಪಕ್ಕದ ಮನೆಯ ಅತ್ತೆ ಬಾಗಿಲಿಗೆ ಬಂದು, "ಸೋಮವಾರ ಅಲ್ವಾ, ದಿಬ್ಬದ ತಾವ ಓಗಿರ್ತಾಳೆ," ಎಂದು ಒಳಗೆ ಹೋದರು.

ನಡುಮಧ್ಯಾಹ್ನ. ದಿಬ್ಬದ ಹತ್ತಿರ ನೆರಳೆಂಬುದೇ ಇಲ್ಲ, ಬಿಳುಪಿಗೆ ಕಣ್ಣು ಕುಕ್ಕುತ್ತದೆ. ಮಳೆನೀರು ಕೊರೆದ ಕೊರಕಲುಗಳಲ್ಲಿ ಗಾಳಿ ಹೊಕ್ಕು ಉಸಿರಿನ ಹಾಗೆ ಒಳಹೊರಗೆ ಆಡುತ್ತಿತ್ತು. ಒಂದು ಹಕ್ಕಿ ಇಲ್ಲ, ಇರುವೆ ಇಲ್ಲ. ದಿಬ್ಬದ ಬುಡದಲ್ಲಿ ಹಳೆಯ ಟ್ರಾಲಿ ಹಳಿಯ ತುಂಡೊಂದು ನೆಲದಲ್ಲಿ ನಾಟಿಕೊಂಡಿತ್ತು. ಅದರ ಪಕ್ಕ ಅಮ್ಮ ಕುಕ್ಕುರುಗಾಲಲ್ಲಿ ಕೂತಿದ್ದಳು, ಬೆನ್ನು ನನ್ನ ಕಡೆಗೆ. ಸೆರಗಿನ ಗಂಟಿನಿಂದ ಅರಿಶಿನ ತೆಗೆದು ಒಂದು ಚಿಟಿಕೆ ನೆಲಕ್ಕೆ ಹಾಕಿದಳು. ಒಂದು ಹಿಡಿ ಪುರಿ ಹಾಕಿದಳು. ಆಮೇಲೆ ಕಬ್ಬಿಣದ ಸೌಟಿನಿಂದ ಬಗೆಯುತ್ತಾ, ಗುಂಡಿಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಕರೆದಳು.

"ಬಾ ನನ್ ರಾಜ. ಬಾಪ್ಪಾ. ತಂಗಿ ಒಟ್ಟೆ ಐತೆ, ಬೆಚ್ಚಗೈತೆ ಅಲ್ಲಿ. ನಾನ್ ದಾರಿ ಮಾಡಿವ್ನಿ, ಬಂದ್ಬುಡು."

"ಅಮ್ಮಾ, ಯಾರನ್ನ ಕರೀತಿದ್ದೀಯ?" ಎಂದೆ.

ಅವಳು ಬೆಚ್ಚಲಿಲ್ಲ. ತಿರುಗಿ ನೋಡಿ, "ನಿಮ್ಮಣ್ಣನ್ನ," ಎಂದಳು, ಅಣ್ಣ ಪಕ್ಕದ ಕೋಣೆಯಲ್ಲಿದ್ದಾನೆ ಎನ್ನುವ ಹಾಗೆ.

ಅಲ್ಲೇ, ಆ ಬಿಸಿಲಲ್ಲೇ ಎಲ್ಲವನ್ನೂ ಹೇಳಿದಳು. ಹಲ್ಲು ಬಾರದ ಕೂಸನ್ನು ಸುಡುವಂತಿಲ್ಲ, ಹೂಳಬೇಕು. ಒಂಬತ್ತು ದಿನದ ನನ್ನ ಅಣ್ಣನನ್ನು ಆ ಹಳಿಯ ತುಂಡಿನ ಪಕ್ಕ ಹೂತರು. ಆಮೇಲಿನ ಮಳೆಗೆ ದಿಬ್ಬ ಜರಿದು ಆ ಜಾಗದ ಮೇಲೇ ಬಂದು ಕೂತಿತು. ಹೂಳುವ ಮುಂಚೆ ನನ್ನ ಅಜ್ಜಿ ಮಡಕೆಯ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಕೂಸಿನ ಎಡಗಿವಿಯ ಹಿಂದೆ ಒಂದು ಬೊಟ್ಟು ಇಟ್ಟಳಂತೆ. ನಮ್ಮವರಲ್ಲಿ ಹಾಗೆ ಮಾಡುತ್ತಾರೆ. ಹೋದ ಕೂಸು ಅದೇ ಮನೆಗೆ ಮತ್ತೆ ಬಂದರೆ ಗುರುತು ಸಿಗಲಿ ಎಂದು.

"ಅವ್ನ್ ಒಟ್ಟೇಲಿದ್ದಾಗ ನಂಗೂ ಈ ಮಣ್ಣಿನ್ ಮ್ಯಾಲೇ ಆಸೆ. ನಮ್ಮತ್ತೆ ಬಿಡ್ಲಿಲ್ಲ. ಅದ್ಕೇ ಓದ," ಎಂದಳು ಅಮ್ಮ. "ನೀನ್ ಒಟ್ಟೇಲಿದ್ದಾಗ ಕದ್ದು ತಿಂದೆ, ಇಲ್ಲೀದೇ. ಕರ್ದೂ ಕರ್ದೂ ತಿಂದೆ. ಅವ್ನ್ ಬರ್ಲಿಲ್ಲ. ನೀನ್ ಬಂದೆ." ಸೌಟನ್ನು ನೆಲಕ್ಕೆ ಒರೆಸಿದಳು. "ಆಮ್ಯಾಕೆ ನನ್ ಗರ್ಭಕೋಸನೇ ತೆಗುದ್ಬುಟ್ರು. ಇನ್ ಅವ್ನಿಗೆ ನನ್ನಲ್ ದಾರಿ ಇಲ್ಲ. ನಿನ್ ಒಟ್ಟೆ ಒಂದೇ."

ನಾನು ಅಲ್ಲೇ ಬಗ್ಗಿ ವಾಂತಿ ಮಾಡಿಕೊಂಡೆ. ಎರಡು ತಿಂಗಳಿಂದ ನಾನು ಬಾಯಲ್ಲಿಟ್ಟು ಕರಗಿಸಿದ್ದು ಏನು ಎಂದು ಯೋಚಿಸಲಿಕ್ಕೂ ಧೈರ್ಯ ಸಾಲಲಿಲ್ಲ. ಅಮ್ಮ ಬೆನ್ನು ನೀವಲು ಬಂದಳು. ಅವಳ ಕೈ ತಳ್ಳಿಹಾಕಿದೆ. "ಇದು ನನ್ನ ಕೂಸು! ನಿನ್ನ ಮಗನಿಗೆ ಬಾಡಿಗೆ ಮನೆ ಅಲ್ಲ ಇದು!" ಎಂದು ಕೂಗಾಡಿದೆ. ನನ್ನ ಕೂಗು ಕೊರಕಲಿಗೆ ಹೊಕ್ಕು ತಡವಾಗಿ ವಾಪಸ್ ಬಂತು, ಸಣ್ಣ ದನಿಯಲ್ಲಿ. ಅಮ್ಮ ಆ ದನಿ ಬಂದ ಕಡೆಗೇ ನೋಡುತ್ತಿದ್ದಳು, ಮುಖವರಳಿಸಿಕೊಂಡು.

ಊರಿಗೆ ಬಂದು ಅತ್ತೆಗೆ ಡಾಕ್ಟರ್ ಹೇಳಿದ್ದನ್ನಷ್ಟೇ ಹೇಳಿದೆ. ಅಣ್ಣನ ವಿಷಯ ನಾಲಿಗೆಯ ತುದಿಗೆ ಬಂದರೂ ನುಂಗಿಕೊಂಡೆ, ತವರಿನ ಮಾನ ನೋಡಿ. ಮಂಗಳವಾರದ ಡಬ್ಬಿ ಮಾತ್ರ ನಿಲ್ಲಲಿಲ್ಲ. ನಿಪ್ಪಟ್ಟು ತೆಗೆದು, ಕೆಳಗಿನದನ್ನು ಹಿತ್ತಲ ನುಗ್ಗೆಗಿಡದ ಬುಡಕ್ಕೆ ಸುರಿದೆ. ಸುರಿದದ್ದನ್ನು ಎರಡು ಸಲ ಕೆದಕಿ ತೆಗೆದು ತಿಂದೆ, ಅದನ್ನೂ ಹೇಳಿಬಿಡುತ್ತೇನೆ. ಬಯಕೆ ಎಂಬುದು ಬುದ್ಧಿಯ ಮಾತು ಕೇಳುವುದಿಲ್ಲ. ತಿಂದ ಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು, "ನೀನು ಯಾರು? ನನ್ನ ಕೂಸೇನಾ?" ಎಂದು ಕೇಳುತ್ತಿದ್ದೆ. ಒಳಗಿನದು ಎಡಕ್ಕೆ ಒದೆಯುತ್ತಿತ್ತು. ಅದು ಹೌದೋ ಅಲ್ಲವೋ ನನಗೆ ತಿಳಿಯಲಿಲ್ಲ. ಅತ್ತೆ ಕಬ್ಬಿಣದ ಮಾತ್ರೆಗಳನ್ನು ಎದುರು ನಿಂತು ನುಂಗಿಸಿದರು, ನುಗ್ಗೆಸೊಪ್ಪಿನ ಬದಲು ಬೇರೆಯವರ ಹಿತ್ತಲಿಂದ ದಂಟಿನ ಸೊಪ್ಪು ತಂದರು. ನಮ್ಮ ನುಗ್ಗೆ ಆ ವರ್ಷ ಎಲೆಯನ್ನೆಲ್ಲ ಉದುರಿಸಿಕೊಂಡಿತ್ತು.

ಹೆರಿಗೆ ಬಂಗಾರಪೇಟೆಯಲ್ಲೇ ಆಯಿತು. ಹೆಣ್ಣು. ಸಣ್ಣದು, ಆದರೆ ಗಟ್ಟಿ, ಆಸ್ಪತ್ರೆ ಹಾರಿಹೋಗುವಂತೆ ಕಿರುಚಿತು. ನರ್ಸು ಕೂಸನ್ನು ಅಮ್ಮನ ಕೈಗೆ ಕೊಟ್ಟಳು. ಅಮ್ಮ ಮುಖ ನೋಡಲಿಲ್ಲ. ಬೆರಳುಗಳನ್ನು ಎಣಿಸಲಿಲ್ಲ. ನೇರ ಎಡಗಿವಿಯನ್ನು ಮಡಚಿ ಹಿಂದೆ ನೋಡಿದಳು. ನಾನು ಮಂಚದ ಮೇಲಿಂದ ನೋಡುತ್ತಿದ್ದೆ. "ಇಲ್ಲ," ಎಂದು ಕೂಸನ್ನು ನನ್ನ ಮಗ್ಗುಲಲ್ಲಿ ಮಲಗಿಸಿ, ಕಾರಿಡಾರಿಗೆ ಹೋಗಿ ಬೆಂಚಿನ ಮೇಲೆ ಕೂತಳು. ಸತ್ತ ಮನೆಯಲ್ಲಿ ಕೂತವರ ಹಾಗೆ ಕೂತಿದ್ದಳು ಎಂದು ಆಮೇಲೆ ಗಂಡ ಹೇಳಿದ. ನನಗೆ ಆಗ ಅಯ್ಯೋ ಅನ್ನಿಸಲಿಲ್ಲ. ಗೆದ್ದೆ ಅನ್ನಿಸಿತು. ಮಗಳ ತಲೆ ಮೂಸಿ ಮೂಸಿ ಕಣ್ಣೀರು ಹಾಕಿದೆ.

ಬಾಣಂತನಕ್ಕೆ ತವರಿಗೇ ಹೋಗಬೇಕಾಯಿತು, ಪದ್ಧತಿ ಬಿಡುವಂತಿಲ್ಲ. ಹನ್ನೊಂದನೆಯ ದಿನದ ಸ್ನಾನಕ್ಕೆ ಬೂದಿಕೋಟೆ ಕಡೆಯಿಂದ ಅತ್ತೆ ಬಂದರು. ಬಾಣಂತಿಗೆ ನೀರು ಹಾಕುವುದರಲ್ಲಿ ಅವರ ಕೈ ಎತ್ತಿದ ಕೈ. ಬಚ್ಚಲಲ್ಲಿ ನನ್ನನ್ನು ಕೂರಿಸಿ, ಹರಳೆಣ್ಣೆ ಹಚ್ಚಿ, ಸೀಗೆಪುಡಿ ಹಾಕಿ ತಲೆ ತಿಕ್ಕತೊಡಗಿದರು. ಅಮ್ಮ ಹಂಡೆಯಿಂದ ಬಿಸಿನೀರು ತೋಡಿ ಕೊಡುತ್ತಿದ್ದಳು. ಅತ್ತೆ ಕೂದಲೆಲ್ಲ ಮೇಲಕ್ಕೆತ್ತಿ ಕಿವಿಯ ಹಿಂದೆ ಉಜ್ಜುತ್ತಾ ಒಂದು ಕಡೆ ನಿಂತರು. ಮತ್ತೆ ಉಜ್ಜಿದರು. ಉಗುರು ಹಾಕಿ ಕೆರೆದರು.

"ಇದೇನಮ್ಮ ಇದು? ಎಡಗಿವಿ ಇಂದ್ಗಡೆ ಮಸಿ ಬೊಟ್ಟು. ಎಷ್ಟ್ ಉಜ್ಜಿದ್ರೂ ಓಗ್ತಿಲ್ವಲ್ಲ."

ಅಮ್ಮನ ಕೈಯಲ್ಲಿದ್ದ ಚೊಂಬಿನ ನೀರು ನನ್ನ ಕಾಲಿನ ಮೇಲೆ ಬಿತ್ತು. ಕುದಿಯುವ ನೀರು. ನನಗೆ ಸುಟ್ಟದ್ದೇ ಗೊತ್ತಾಗಲಿಲ್ಲ. ಕೈ ಹಿಂದೆ ಹಾಕಿ ಮುಟ್ಟಿ ನೋಡಿಕೊಂಡೆ. ಬೆರಳಿಗೆ ಏನೂ ಸಿಗಲಿಲ್ಲ, ಚರ್ಮ ನುಣ್ಣಗಿತ್ತು. ಯಾರು ತಾನೆ ತಮ್ಮ ಕಿವಿಯ ಹಿಂದೆ ತಾವೇ ನೋಡಿಕೊಂಡಿದ್ದಾರೆ? ಜಡೆ, ರಿಬ್ಬನ್ನು, ರೇಗಾಟ, ಎಲ್ಲ ಒಟ್ಟಿಗೆ ನೆನಪಾಯಿತು.

"ನಿನಗೆ ಗೊತ್ತಿತ್ತು," ಎಂದೆ ಅಮ್ಮನಿಗೆ.

"ಉಟ್ಟಿದ್ ದಿನಾನೇ ನೋಡ್ದೆ," ಎಂದಳು ಅಮ್ಮ. ಅತ್ತೆಯ ಮುಂದೆಯೇ ಎಲ್ಲ ಬಾಯಿಬಿಟ್ಟಳು, ದಿಬ್ಬ, ಹಳಿಯ ತುಂಡು, ಅಜ್ಜಿ ಇಟ್ಟ ಬೊಟ್ಟು. "ಗುರ್ತೇನೋ ಇತ್ತು. ಆದ್ರೆ ಎಣ್ಣು. ಎಣ್ಣಾಗ್ ಬಂದ್ರೆ ಅದ್ನ ಎಂಗ್ ಲೆಕ್ಕಕ್ ತಗಳ್ಳಾದು? ಯಾರಿಗೂ ಕಾಣ್ದಂಗೆ ಮುಚ್ಚಿಟ್ಟೆ. ಸರ್ಯಾಗಿ ಗಂಡಾಗ್ ಬರ್ಲಿ ಅಂತ ಇನ್ನೊಂದ್ ಸಲ ಕರ್ದೆ."

ಇಷ್ಟು ವರ್ಷ ಅವಳು ಕರೆಯುತ್ತಿದ್ದವರು ಅವಳ ಎದುರಿಗೇ ಕೂತು ಉಣ್ಣುತ್ತಿದ್ದರು. ಮಚ್ಚೆ ಅಂದರೆ ಮಚ್ಚೆ, ಸಾವಿರ ಜನಕ್ಕೆ ಇರುತ್ತದೆ ಎಂದು ಓದಿದ ತಲೆ ಹೇಳುತ್ತಿತ್ತು. ಆದರೆ ಎದೆ ಬೇರೆ ಮಾತು ಹೇಳುತ್ತಿತ್ತು. ನಾನು ಬಂದೆ, ಗುರುತು ಸಮೇತ ಬಂದೆ, ಇವಳು ಬೇಡ ಎಂದಳು.

ಅತ್ತೆ ಸೀಗೆಪುಡಿಯ ಕೈಯನ್ನು ತಮ್ಮ ಸೀರೆಗೇ ಒರೆಸಿಕೊಂಡು ಅಮ್ಮನ ಕಡೆ ತಿರುಗಿದರು. "ಅಲ್ಲ ಅಕ್ಕಯ್ಯ, ಅವ್ನೇ ಇವ್ಳು ಅಂದ್ಮ್ಯಾಲೆ, ಇವ್ಳು ಬದುಕಿರೋಗಂಟ ಅವ್ನು ಇನ್ನೊಂದ್ ಸಲ ಎಂಗ್ ಬತ್ತಾನೆ? ಇವ್ಳು ಓದ್ರೆ ತಾನೆ ಅವ್ನು ಬರಾದು?"

ಅಮ್ಮ ಗೋಡೆ ಹಿಡಿದು ಹಾಗೇ ಕೆಳಗೆ ಕೂತು, "ಅಯ್ಯಯ್ಯೋ, ಅದ್ ನಂಗ್ ಒಳೀಲೇ ಇಲ್ಲ ಕಣಮ್ಮ. ನಿಮ್ಮಪ್ಪನಾಣೆ ಒಳೀಲಿಲ್ಲ," ಎಂದು ನನ್ನ ಸುಟ್ಟ ಕಾಲು ಹಿಡಿದುಕೊಂಡಳು.

ನಾನು ಅವಳನ್ನು ನಂಬಿದೆ. ಇವತ್ತಿಗೂ ನಂಬುತ್ತೇನೆ, ಜೊತೆಯಲ್ಲಿ ಜನ ಇರುವಾಗ.

ಮಗಳಿಗೆ ಈಗ ಆರು ವರ್ಷ. ಕಿವಿ ಸೋರಲಿಲ್ಲ, ಮಣ್ಣು ತಿನ್ನುವ ಚಾಳಿಯೂ ಇಲ್ಲ. ಅವಳ ಜಡೆಯನ್ನು ನಾನೇ ಹಾಕುತ್ತೇನೆ, ಎರಡೂ ಕಿವಿ ಕಾಣುವಂತೆ ಬಿಗಿಯಾಗಿ. ಮಂಗಳವಾರದ ಡಬ್ಬಿ ಈಗಲೂ ಬರುತ್ತದೆ. ನಿಪ್ಪಟ್ಟಿನ ಕೆಳಗೆ ಪೇಪರ್, ಪೇಪರಿನ ಕೆಳಗೆ ಬರೀ ಸ್ಟೀಲು. ಗೊತ್ತಿದ್ದೂ ನನ್ನ ಬೆರಳು ಪ್ರತಿ ಸಲ ತಳ ಮುಟ್ಟಿ ಸವರಿ ನಾಲಿಗೆಗೆ ಬರುತ್ತದೆ, ಏನು ಮಾಡಲಿ.

ಅಮ್ಮ ದಿಬ್ಬದ ಕಡೆ ಹೋಗುವುದನ್ನು ಬಿಟ್ಟಿದ್ದಾಳೆ ಎಂದು ಪಕ್ಕದ ಮನೆಯ ಅತ್ತೆ ಹೇಳುತ್ತಾರೆ. ನಾನು ತವರಿಗೆ ಹೋದಾಗ ಅವಳು ಬಾಗಿಲಲ್ಲೇ ನಿಲ್ಲಿಸಿ, ಹೇಗಿದ್ದೀಯ ಎಂದೂ ಕೇಳದೆ, ನನ್ನ ಎಡಗಡೆಯ ಕೂದಲನ್ನು ಸರಿಸಿ ಕಿವಿಯ ಹಿಂದೆ ನೋಡುತ್ತಾಳೆ. ಅವಳ ಉಸಿರು ನನ್ನ ಕುತ್ತಿಗೆಗೆ ಬಡಿಯುತ್ತದೆ. "ಐತೆ," ಎಂದು ತನಗೆ ತಾನೇ ಹೇಳಿಕೊಂಡು, ಆಮೇಲೆ ಒಳಗೆ ಹೋಗಿ ಕಾಫಿಗೆ ಇಡುತ್ತಾಳೆ.